ದ್ವೀಪದ ವ್ಯಾಜ್ಯ: ಯಾವ ಪುರಾವೆ ನಿಲ್ಲುತ್ತದೆ, ಎಷ್ಟು ಸಮುದ್ರ ಸಿಗುತ್ತದೆ? (ಅಣಕು ನ್ಯಾಯಾಲಯಕ್ಕೆ ಬೇಕು)

ಘಟಪ್ರಭಾ ದಂಡಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಳಗಾವಿಯಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆ ಇದೆ, ವಾದ ಪೂರ್ತಿ ಕನ್ನಡದಲ್ಲಿ. ಬಾಗಲಕೋಟೆಯಿಂದ ಮೂವರು ವಿದ್ಯಾರ್ಥಿಗಳು ಹೋಗುತ್ತಿದ್ದಾರೆ. ಯಾವ ಪಕ್ಷ ಎಂಬುದು ಅಲ್ಲೇ ಚೀಟಿ ಎತ್ತಿ ಗೊತ್ತಾಗುತ್ತದೆ, ಹಾಗಾಗಿ ಎರಡೂ ಕಡೆ ತಯಾರಿ ಬೇಕು. ಕೊಟ್ಟಿರುವ ಪ್ರಸಂಗ ಇದು:

'ಅ' ಮತ್ತು 'ಬ' ಎಂಬ ಎರಡು ಕಾಲ್ಪನಿಕ ದೇಶ. ಕರಾವಳಿ ಎದುರುಬದುರು, ನಡುವೆ 72 ನಾಟಿಕಲ್ ಮೈಲು ಸಮುದ್ರ. 'ಅ'ದಿಂದ 30 ಮೈಲಿಗೆ, 'ಬ'ದಿಂದ 42 ಮೈಲಿಗೆ ಒಂದು ದ್ವೀಪ. 0.8 ಚದರ ಕಿ.ಮೀ., ಕುಡಿಯುವ ನೀರಿಲ್ಲ, ವಸತಿ ಇಲ್ಲ. ಅದರ ಬಗಲಿಗೆ ಉಬ್ಬರದಲ್ಲಿ ಮುಳುಗುವ ಬಂಡೆ. 'ಅ' ಬಳಿ ಹಳೆಯ ಅರಸರ ದಾನಪತ್ರ ಮತ್ತು 1890ರ ನಕಾಶೆ. 'ಬ' 1911ರಿಂದ ದೀಪಸ್ತಂಭ ನಡೆಸಿದೆ, ಆಮೆ ಮೊಟ್ಟೆ ಹೆಕ್ಕುವವರಿಗೆ ಪರವಾನಗಿ ಕೊಟ್ಟಿದೆ. 1950ರಲ್ಲಿ 'ಅ'ದ ಅಧಿಕಾರಿಯೊಬ್ಬರು 'ಆ ದ್ವೀಪ ನಮ್ಮದೆಂದು ನಾವು ಹೇಳುವುದಿಲ್ಲ' ಎಂದು ಪತ್ರ ಬರೆದಿದ್ದಾರೆ. 1978ರಲ್ಲಿ 'ಅ' ದ್ವೀಪವನ್ನು ತನ್ನದೆಂದು ತೋರಿಸುವ ನಕಾಶೆ ಮುದ್ರಿಸಿತು, 1979ರಲ್ಲಿ 'ಬ' ಆಕ್ಷೇಪಿಸಿತು. 1985ರಲ್ಲಿ 'ಅ' ಅಲ್ಲಿ ಧ್ವಜ ನೆಟ್ಟು ಜೆಟ್ಟಿ ಕಟ್ಟಿತು.

ಹುಡುಗರು ಧ್ವಜ, ಜೆಟ್ಟಿ ಮತ್ತು 'ದ್ವೀಪ ನಮಗೇ ಹತ್ತಿರ' ಎಂಬುದರ ಮೇಲೆ ಇಡೀ ವಾದ ಕಟ್ಟಿಕೊಂಡು ಕೂತಿದ್ದಾರೆ. ಇದು ನಿಲ್ಲುತ್ತದೆಯೇ? ಸಮುದ್ರ ಎಷ್ಟು ಸಿಗುತ್ತದೆ ಎಂದು ನಕಾಶೆಯಲ್ಲಿ ತೋರಿಸುವುದು ಹೇಗೆ? ಭಾರತ-ಶ್ರೀಲಂಕಾ ನಡುವಿನ ಕಚ್ಚತೀವು ದ್ವೀಪದ ಉದಾಹರಣೆ ಕೊಡಬಹುದೇ?

ಹದ್ದಬಸ್ತು, ವಿಜಯಪುರ

ಸರ, ಆ ಮೂರೂ ನಿಲ್ಲೂದಿಲ್ಲ. ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ ಅದಾವ.

ಹುಡುಗರಿಗೆ ತಿಳಿಯೂಹಂಗ ಹೇಳಬೇಕಂದ್ರ ನಮ್ಮ ಹೊಲದ ತಂಟೆ ಹಿಡದ ಸುರು ಮಾಡ್ರಿ. ಉತಾರದಾಗ (ಪಹಣಿಯಾಗ) ಹೆಸರು ಇದ್ದ ಮಾತ್ರಕ್ಕ ಮಾಲಕಿ ಸಿದ್ಧ ಆಗೂದಿಲ್ಲ, ಅದು ಕಂದಾಯದ ದಾಖಲೆ. ಬದುವಿನ ಕಲ್ಲು ಬ್ಯಾರೆ ಪ್ರಶ್ನೆ. ಯಾರ ವಹಿವಾಟು ಐತಿ, ಯಾರು ಉಳತಾರ, ಯಾರು ತೀರ್ವೆ ಕಟ್ಯಾರ ಅನ್ನೂದು ಮತ್ತೊಂದು. ದ್ವೀಪದ ಕೇಸಿನಾಗ ಅಂತಾರಾಷ್ಟ್ರೀಯ ಕೋರ್ಟು ಕಣ್ಣು ಇಡೂದು ಈ ವಹಿವಾಟಿನ ಮ್ಯಾಲೆ. ಆದ್ರ ಅದು ಸರ್ಕಾರದ ವಹಿವಾಟು ಇರಬೇಕು.

'ಹತ್ತಿರ ಐತಿ' ಅನ್ನೂದನ್ನ 1928ರಾಗ ಪಾಲ್ಮಾಸ್ ದ್ವೀಪದ ತೀರ್ಪಿನಾಗ ಮಧ್ಯಸ್ಥಗಾರ ಮ್ಯಾಕ್ಸ್ ಹೂಬರ್ ಕಡದ ಹಾಕ್ಯಾರ. ಅಮೆರಿಕಾ ಒಂದು ಕಡೆ, ನೆದರ್ಲೆಂಡ್ಸ್ ಒಂದು ಕಡೆ. ನಮಗ ಫಿಲಿಪೀನ್ಸ್ ಬಿಟ್ಟುಕೊಟ್ಟ ಸ್ಪೇನಿನವ್ರು ಮೊದಲು ಕಂಡಿದ್ರು, ದ್ವೀಪ ಫಿಲಿಪೀನ್ಸ್‌ಗೆ ಹತ್ತಿರ, ಅದಕ್ಕ ನಮ್ದು ಅಂತ ಅಮೆರಿಕಾದ ವಾದ. ಮೊದಲು ಕಂಡಿದ್ದು ಅರೆಬರೆ ಹಕ್ಕು, ಶಾಂತಿಯಿಂದ ಎಡೆಬಿಡದೆ ಅಧಿಕಾರ ನಡೆಸಿದವ್ರು ಡಚ್ಚರು ಅಂತ ದ್ವೀಪ ನೆದರ್ಲೆಂಡ್ಸ್‌ಗೆ ಹೋಯ್ತು. ಬ್ರಿಟನ್ ಅಧೀನದ ಜರ್ಸಿ ದ್ವೀಪಕ್ಕೂ ಫ್ರಾನ್ಸಿಗೂ ನಡುವ ಇರೂ ಮಿಂಕಿಯೆ ಮತ್ತು ಎಕ್ರೆಹೋ ಬಂಡೆಗಳು 1953ರಾಗ ಬ್ರಿಟನ್ನಿಗೆ ಸಿಕ್ಕಿದ್ದೂ ದೂರ-ಹತ್ತಿರದ ಲೆಕ್ಕದ ಮ್ಯಾಲಲ್ಲ. ಆ ತೀರ್ಪಂತೂ ಹುಡುಗರು ಓದಲೇಬೇಕು. ಎರಡೂ ಕಡೆಯವ್ರು ಮಧ್ಯಯುಗದ ಕಾಗದ ಗಂಟುಗಟ್ಟಲೆ ಒಯ್ದಿದ್ರು. ಕೋರ್ಟು ತೂಕ ಕೊಟ್ಟಿದ್ದು ಎದಕ್ಕ? ಅಲ್ಲಿ ತೇಲಿ ಬಂದ ಹೆಣದ ಪಂಚನಾಮೆ ಯಾರು ಮಾಡಿದ್ರು, ಅಲ್ಲಿನ ಗುಡಿಸಲಿಗೆ ತೆರಿಗೆ ಯಾರು ಹಾಕಿದ್ರು, ಖರೀದಿ ಪತ್ರ ಯಾವ ಕಚೇರಿಯಾಗ ನೋಂದಣಿ ಆಗಿತ್ತು, ಇವಕ್ಕ. ಮೂರೂ ಜರ್ಸಿ ದ್ವೀಪದ ಆಡಳಿತದವು.

ನಿಮ್ಮ ಪ್ರಸಂಗಕ್ಕ ಸಮೀಪ ಬರೂವು ಎರಡು. ಒಂದು ಲಿಗಿತಾನ್-ಸಿಪಾದಾನ್, 2002. ಮಲೇಷ್ಯಾ ಗೆದ್ದಿದ್ದು 1917ರ ಆಮೆ ಮೊಟ್ಟೆ ನಿಯಮದ ಮ್ಯಾಲೆ ಮತ್ತು 1962, 1963ರಾಗ ಕಟ್ಟಿದ ದೀಪಸ್ತಂಭದ ಮ್ಯಾಲೆ. ಇಂಡೋನೇಷ್ಯಾ ತನ್ನ ಮೀನುಗಾರರು ತಲೆಮಾರಿನಿಂದ ಹೋಗತಾರ ಅಂದ್ರೂ ನಡೀಲಿಲ್ಲ. ಖಾಸಗಿ ಜನ ತಾವಾಗೇ ಹೋಗಿ ಬಂದದ್ದು ಸರ್ಕಾರದ ವಹಿವಾಟು ಅಲ್ಲ. ಇದಕ್ಕ ನಿಮ್ಮ 'ಬ'ದ ಪರವಾನಗಿ ದೀಪಸ್ತಂಭಕ್ಕಿಂತ ಭಾರೀ ಪುರಾವೆ: ಕಾಯ್ದೆ ಮಾಡಿ, ಲೈಸನ್ಸ್ ಕೊಟ್ಟು, ತಪ್ಪಿದ್ರ ದಂಡ ಹಾಕೂದು ಒಡೆಯನ ಕೆಲಸ. ದೀಪ ಹಚ್ಚೂದು ಹಡಗಿನವ್ರಿಗೆ ಅನುಕೂಲ ಅಂತ ಯಾರು ಬೇಕಾದ್ರೂ ಮಾಡಬಹುದು. ಸಣ್ಣ ದ್ವೀಪದ ಮಾತಿಗೆ ಬಂದಾಗ ಅದಕ್ಕೂ ಒಂದಿಷ್ಟು ತೂಕ ಐತಿ, ಆದ್ರ ಅದೊಂದನ್ನೇ ನೆಚ್ಚಬ್ಯಾಡ್ರಿ.

ಎರಡನೇದು ಪೆದ್ರಾ ಬ್ರಾಂಕಾ, ಮೇ 2008, ಮಲೇಷ್ಯಾ-ಸಿಂಗಪುರ ನಡುವಿನ ಒಂದು ಬಂಡೆಯ ತಂಟೆ. ಇಲ್ಲಿ 'ಅ' ಪಕ್ಷ ಸಿಕ್ಕವ್ರಿಗೂ ಕೆಲಸಕ್ಕ ಬರೂ ಮಾತು ಐತಿ. ಮೂಲ ಹಕ್ಕು ಈಗ ಮಲೇಷ್ಯಾದಾಗ ಇರೂ ಜೊಹೊರ್ ಸುಲ್ತಾನರದು ಅಂತ ಕೋರ್ಟು ಒಪ್ಪಿತು. ಆಮ್ಯಾಲೆ ಏನಾತು? 1953ರಾಗ ಸಿಂಗಪುರ ಕೇಳಿದಾಗ ಜೊಹೊರದ ಹಂಗಾಮಿ ರಾಜ್ಯ ಕಾರ್ಯದರ್ಶಿ, ಆ ಬಂಡೆ ನಮ್ಮದಂತ ನಾವು ಹೇಳೂದಿಲ್ಲ ಅಂತ ಬರದಕೊಟ್ರು. ಮುಂದ ಸಿಂಗಪುರ ಅಲ್ಲಿ ಹಡಗಿನ ಅಪಘಾತದ ತನಿಖೆ ಮಾಡಿತು, ಬಂದುಹೋಗೂ ಮಲೇಷ್ಯಾ ಅಧಿಕಾರಿಗಳಿಗೂ ತಾನೇ ಅನುಮತಿ ಕೊಡಾಕ ಹತ್ತಿತು. ಮಲೇಷ್ಯಾ ಸುಮ್ಮನಿತ್ತು. ಹಕ್ಕು ದಾಟಿ ಹೋತು. ನಿಮ್ಮ ಪ್ರಸಂಗ ಇದನ್ನ ನೋಡೇ ಬರದದ್ದು ಅನ್ನೂದು ಎದ್ದು ಕಾಣತೈತಿ. ಅದಕ್ಕ 'ಅ'ದವ್ರು ದಾನಪತ್ರದಿಂದ ಮೂಲ ಹಕ್ಕನ್ನ ಗಟ್ಟಿ ಮಾಡಿಕೊಂಡು, ಪೂರ್ತಿ ಜೋರು 1950ರ ಪತ್ರದ ಮ್ಯಾಲೆ ಹಾಕಬೇಕು: ಬರದವ್ರಿಗೆ ಆ ಅಧಿಕಾರ ಇತ್ತೋ ಇಲ್ಲೋ, ಕೇಳಿದ ಪ್ರಶ್ನೆ ಏನಿತ್ತು, ಮಾಲಕಿ ಬಗ್ಗೆಯೋ ದೀಪದ ಖರ್ಚಿನ ಬಗ್ಗೆಯೋ. ದಾನಪತ್ರದಾಗ ದ್ವೀಪದ ಹೆಸರು ಮತ್ತು ಚಕ್ಕುಬಂದಿ ಸ್ಪಷ್ಟ ಐತೇನು ಅಂತ 'ಬ'ದವ್ರು ಕೇಳೇ ಕೇಳತಾರ.

ಇನ್ನ ಧ್ವಜ, ಜೆಟ್ಟಿ. ತಂಟೆ ಹುಟ್ಟಿದ ತಾರೀಖು ಕಳದ ಮ್ಯಾಲೆ ಮಾಡಿಕೊಂಡದ್ದು ಲೆಕ್ಕಕ್ಕಿಲ್ಲ. ಪೆದ್ರಾ ಬ್ರಾಂಕಾದಾಗ ಮಲೇಷ್ಯಾದ ನಕಾಶೆಗೆ ಸಿಂಗಪುರ ಆಕ್ಷೇಪಿಸಿದ ಫೆಬ್ರುವರಿ 1980ನ್ನ ಆ ತಾರೀಖು ಅಂತ ಹಿಡದಾರ. ನಿಮ್ಮದಕ್ಕ 1979. ಜೆಟ್ಟಿ 1985ರದು, ಬಿಟ್ಟುಬಿಡ್ರಿ. ಅದನ್ನ ಎತ್ತಿದ್ರ ಪುರಾವೆ ಹುಟ್ಟಿಸಾಕ ಕಟ್ಟಿದ್ದು ಅಂತ ಎದುರಿನವ್ರು ತಿರುಗಿಸಿ ಹೊಡೀತಾರ.

ನಕಾಶೆ ಬಗ್ಗೆ 1986ರ ಬುರ್ಕಿನಾ ಫಾಸೊ-ಮಾಲಿ ತೀರ್ಪು ಹೇಳ್ರಿ: ಒಪ್ಪಂದಕ್ಕ ಲಗತ್ತಾಗಿದ್ರ ಮಾತ್ರ ಅದಕ್ಕ ಕಾನೂನಿನ ಬಲ, ಇಲ್ಲಂದ್ರ ಬರೇ ಮಾಹಿತಿ.

ಕಾಯ್ದೆ ಓದೂ ಹುಡುಗರು ಮಾಡೂ ಒಂದು ದೊಡ್ಡ ತಪ್ಪು ಐತಿ. ಪ್ರತಿಕೂಲ ಸ್ವಾಧೀನಕ್ಕ 12 ವರ್ಷ, ಸರ್ಕಾರಿ ಜಾಗಕ್ಕ 30 ವರ್ಷ ಅಂತ ಭಾರತದ ಕಾಲಮಿತಿ ಕಾಯ್ದೆ ತಂದು ಇಲ್ಲಿ ಹಚ್ಚತಾರ. ದೇಶ-ದೇಶದ ನಡುವ ಹಂಗ ನಿಗದಿ ವರ್ಷ ಇಲ್ಲ.

ಅಳತೆಪಟ್ಟಿ, ಬೆಳಗಾವಿ

ಮೇಲಿನವರು ಒಡೆತನದ ಭಾಗ ಚೆನ್ನಾಗಿ ಬಿಡಿಸಿದ್ದಾರೆ. ಸಮುದ್ರದ ಭಾಗ ನಾನು ಹೇಳುತ್ತೇನೆ.

1 ನಾಟಿಕಲ್ ಮೈಲು ಎಂದರೆ 1,852 ಮೀಟರ್. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಪ್ರಾದೇಶಿಕ ಸಮುದ್ರ (ದೇಶದ ಒಡೆತನದ ನೀರು) 12 ಮೈಲು, ಆರ್ಥಿಕ ವಲಯ (ಮೀನು, ತೈಲದಂಥ ಸಂಪತ್ತಿನ ಹಕ್ಕು ಇರುವ ನೀರು) 200 ಮೈಲು. ಸುತ್ತ ಬರೀ ಸಮುದ್ರವೇ ಇರುವ ಒಂದು ಚುಕ್ಕೆಯಿಂದ 12 ಮೈಲಿನ ವೃತ್ತ ಎಳೆದರೆ ಸುಮಾರು 1,550 ಚದರ ಕಿ.ಮೀ. ಅದೇ 200 ಮೈಲಿನ ವೃತ್ತ ಸುಮಾರು 4.31 ಲಕ್ಷ ಚದರ ಕಿ.ಮೀ., ಇಡೀ ಕರ್ನಾಟಕದ ಎರಡು ಪಟ್ಟಿಗೂ ಹೆಚ್ಚು. ಒಂದು ಬಂಡೆಗಾಗಿ ದೇಶಗಳು ಯಾಕೆ ಹಠ ಹಿಡಿಯುತ್ತವೆ ಎನ್ನುವುದಕ್ಕೆ ಈ ಎರಡು ಸಂಖ್ಯೆ ಸಾಕು. ಬಂಡೆಗೆ 12 ಸಿಗುತ್ತದೋ 200 ಸಿಗುತ್ತದೋ ಎಂಬುದನ್ನು ತೀರ್ಮಾನಿಸುವುದು 121ನೇ ವಿಧಿ. ನಿಸರ್ಗವಾಗಿ ಉಂಟಾಗಿರಬೇಕು, ಉಬ್ಬರದಲ್ಲೂ ನೀರಿನ ಮೇಲಿರಬೇಕು, ಆಗ ಅದು ದ್ವೀಪ. ಆದರೆ ಮನುಷ್ಯ ವಸತಿಯನ್ನಾಗಲೀ ತನ್ನದೇ ಆರ್ಥಿಕ ಬದುಕನ್ನಾಗಲೀ ತಾಳಲಾರದ ಬಂಡೆಗೆ ಆರ್ಥಿಕ ವಲಯ ಇಲ್ಲ, 12 ಮಾತ್ರ.

ವಿದ್ಯಾರ್ಥಿಗಳಿಗೆ ಆಲಮಟ್ಟಿ ಹಿನ್ನೀರು ನೆನಪಿಸಿ. ಜಲಾಶಯ 519.60 ಮೀಟರಿಗೆ ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ತಲೆ ಎತ್ತುವ ದಿಬ್ಬವನ್ನು ಯಾರೂ ನಡುಗಡ್ಡೆ ಅನ್ನುವುದಿಲ್ಲ. ನಿಮ್ಮ ಬಗಲಿನ ಬಂಡೆ ಆ ಜಾತಿಯದು. ಅದರ ಮೇಲೆ ಪ್ರತ್ಯೇಕ ಒಡೆತನ ಕೇಳಲು ಹೋಗಬೇಡಿ. ಪೆದ್ರಾ ಬ್ರಾಂಕಾ ಬಳಿಯ ಸೌತ್ ಲೆಡ್ಜ್ ಬಗ್ಗೆ ನ್ಯಾಯಾಲಯ ಹೇಳಿದ್ದು ಇಷ್ಟೇ: ಅದು ಯಾರ ಪ್ರಾದೇಶಿಕ ಸಮುದ್ರದಲ್ಲಿದೆಯೋ ಅವರದು. ನೌಕಾ ನಕಾಶೆಯಲ್ಲಿ ಇಂಥದ್ದನ್ನು ಗುರುತಿಸುವುದು ಸುಲಭ, ಅದರ ಎತ್ತರದ ಅಂಕಿಯ ಕೆಳಗೆ ಗೆರೆ ಇರುತ್ತದೆ.

ಈಗ ಚಿತ್ರ. 1 ಸೆಂ.ಮೀ.ಗೆ 4 ಮೈಲು ಅಳತೆ ಇಟ್ಟುಕೊಳ್ಳಿ. ಎರಡು ಕರಾವಳಿಯ ನಡುವೆ 18 ಸೆಂ.ಮೀ. ಬರುತ್ತದೆ, ದ್ವೀಪ 'ಅ'ದಿಂದ 7.5 ಸೆಂ.ಮೀ.ಗೆ. ಮೊದಲು ದ್ವೀಪವೇ ಇಲ್ಲವೆಂದುಕೊಂಡು ಮಧ್ಯರೇಖೆ ಎಳೆಯಿರಿ: 9 ಸೆಂ.ಮೀ., ಅಂದರೆ 36 ಮೈಲು. ದ್ವೀಪಕ್ಕೆ ಪೂರ್ಣ ಬೆಲೆ ಕೊಟ್ಟು (ಮುಖ್ಯ ಕರಾವಳಿಯಷ್ಟೇ ಲೆಕ್ಕಕ್ಕೆ ಹಿಡಿದು) ಅದನ್ನು 'ಬ'ಕ್ಕೆ ಸೇರಿಸಿದರೆ ರೇಖೆ 'ಅ'ದಿಂದ ಬರೀ 15 ಮೈಲಿಗೆ ಬಂದು ಕೂರುತ್ತದೆ. 'ಅ'ಕ್ಕೆ ಸೇರಿಸಿದರೆ 51 ಮೈಲಿಗೆ ಓಡುತ್ತದೆ. ಬಂಡೆ ಎಂದು ಬಗೆದರೆ ರೇಖೆ 36ರಲ್ಲೇ ಉಳಿದು, ದ್ವೀಪದ ಸುತ್ತ 3 ಸೆಂ.ಮೀ. ತ್ರಿಜ್ಯದ ವೃತ್ತ ಮಾತ್ರ ಬರುತ್ತದೆ. ಆ ವೃತ್ತ 'ಅ'ದಿಂದ 18ನೇ ಮೈಲಿನಿಂದ 42ನೇ ಮೈಲಿನವರೆಗೆ ಹರಡುತ್ತದೆ. ಹಾಗಾಗಿ ದ್ವೀಪ 'ಬ'ದ್ದಾದರೆ ರೇಖೆ 'ಅ'ದ ಕಡೆ 18 ಮೈಲು ಉಬ್ಬುತ್ತದೆ, 'ಅ'ದ್ದಾದರೆ 'ಬ'ದ ಕಡೆ ಬರೀ 6 ಮೈಲು. ಸೋತರೆ ಹೆಚ್ಚು ಕಳೆದುಕೊಳ್ಳುವುದು 'ಅ'. ಆ ಪಕ್ಷ ಸಿಕ್ಕರೆ 'ಒಂದು ವೇಳೆ ದ್ವೀಪ ನಮ್ಮದಲ್ಲವೆಂದು ತೀರ್ಮಾನವಾದರೂ' ಎಂಬ ಎರಡನೇ ಸಾಲಿನ ವಾದ ಇಟ್ಟುಕೊಳ್ಳದೆ ಹೋಗಬಾರದು.

ಆ ವಾದಕ್ಕೆ ಆಧಾರ ಗಟ್ಟಿಯಾಗಿದೆ. 2009ರ ರೊಮೇನಿಯಾ-ಉಕ್ರೇನ್ ತೀರ್ಪಿನಲ್ಲಿ 0.17 ಚದರ ಕಿ.ಮೀ.ನ ಸರ್ಪ ದ್ವೀಪಕ್ಕೆ 12 ಮೈಲಿನ ಕಮಾನು ಬಿಟ್ಟರೆ ರೇಖೆ ಅಲುಗಲಿಲ್ಲ. 2012ರ ಬಾಂಗ್ಲಾ-ಮ್ಯಾನ್ಮಾರ್ ತೀರ್ಪಿನಲ್ಲಿ ಸಾವಿರಾರು ಜನ ಬಾಳುವ ಸೇಂಟ್ ಮಾರ್ಟಿನ್ ದ್ವೀಪಕ್ಕೂ ಪ್ರಾದೇಶಿಕ ಸಮುದ್ರ ಸಿಕ್ಕಿತು, ಅದರಾಚೆಯ ಗೆರೆಯಲ್ಲಿ ಬೆಲೆ ಸಿಗಲಿಲ್ಲ. 2016ರ ದಕ್ಷಿಣ ಚೀನಾ ಸಮುದ್ರದ ತೀರ್ಪಿನಲ್ಲಿ ಬಾವಿಯೂ ರನ್‌ವೇಯೂ ಇರುವ ಇತು ಆಬಾವನ್ನೂ ಬಂಡೆ ಎಂದೇ ಎಣಿಸಿದರು. ಹೊರಗಿನಿಂದ ಅನ್ನ ತರಿಸಿಕೊಂಡು ಕಾವಲಿರುವ ಸಿಬ್ಬಂದಿ ವಸತಿಯಲ್ಲ ಎಂಬುದು ಅಲ್ಲಿನ ತರ್ಕ. ಚೀನಾ ಆ ತೀರ್ಪನ್ನು ಒಪ್ಪಿಲ್ಲ, ನ್ಯಾಯಾಧೀಶರು ಅದನ್ನೂ ಕೇಳಬಹುದು.

ನಿಜವಾದ ನೌಕಾ ನಕಾಶೆ ಬಳಸುವುದಾದರೆ ದೂರವನ್ನು ಬದಿಯ ಅಕ್ಷಾಂಶದ ಪಟ್ಟಿಯಲ್ಲೇ, ಆ ಜಾಗದ ನೇರಕ್ಕೇ ಅಳೆಯಬೇಕು. ಅಲ್ಲಿ 1 ಮಿನಿಟು ಎಂದರೆ 1 ನಾಟಿಕಲ್ ಮೈಲು. ಕೆಳಗಿನ ರೇಖಾಂಶದ ಪಟ್ಟಿಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಭೂಮಧ್ಯರೇಖೆಯ ಹತ್ತಿರ ತಪ್ಪು ಸಣ್ಣದು, 60 ಡಿಗ್ರಿಯಲ್ಲಿ ದೂರ ಎರಡು ಪಟ್ಟಾಗಿ ಕಾಣುತ್ತದೆ.

ಭೀಮಾತೀರ, ಇಂಡಿ

ಕಚ್ಚತೀವಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಉದಾಹರಣೆ ಕೊಡಬಹುದು, ಪೂರ್ವನಿದರ್ಶನ ಎಂದು ಹೇಳಬಾರದು. ಅದು ತೀರ್ಪಲ್ಲ, ಒಪ್ಪಂದ.

ಸುಮಾರು 285 ಎಕರೆ, ರಾಮೇಶ್ವರದ ಕಡೆಯಿಂದ ಸುಮಾರು 33 ಕಿ.ಮೀ., ಕುಡಿಯುವ ನೀರಿಲ್ಲ, ಸಂತ ಅಂತೋಣಿಯ ಚರ್ಚು ಇದೆ. ರಾಮನಾಡು ಜಮೀನ್ದಾರಿಯ ದಾಖಲೆ ನಮ್ಮ ಕಡೆಯ ಪುರಾವೆ. ಜೂನ್ 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದದ ಗೆರೆ ದ್ವೀಪದ ಪಶ್ಚಿಮಕ್ಕೆ ಒಂದು ಮೈಲು ದೂರದಲ್ಲಿ ಹಾಯ್ದು ದ್ವೀಪ ಶ್ರೀಲಂಕಾ ಕಡೆ ಉಳಿಯಿತು. 5ನೇ ಕಲಮಿನ ಪ್ರಕಾರ ಭಾರತದ ಮೀನುಗಾರರು ಮತ್ತು ಯಾತ್ರಿಕರು ಮೊದಲಿನಂತೆ ಹೋಗಿಬರಬಹುದು, ವೀಸಾ ಬೇಡ. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ದ್ವೀಪಕ್ಕೆ ಹೋಗುವ ಹಕ್ಕನ್ನು ಅಲ್ಲಿ ಮೀನು ಹಿಡಿಯುವ ಹಕ್ಕು ಎಂದು ಓದುತ್ತಾರೆ. ಮಾರ್ಚ್ 1976ರಲ್ಲಿ ಎರಡೂ ದೇಶಗಳ ವಿದೇಶಾಂಗ ಕಾರ್ಯದರ್ಶಿಗಳು ವಿನಿಮಯ ಮಾಡಿಕೊಂಡ ಪತ್ರದಲ್ಲಿ ಪರಸ್ಪರರ ನೀರಿನಲ್ಲಿ ಮೀನುಗಾರಿಕೆ ಇಲ್ಲ ಎಂದೇ ಇದೆ. 1974ರ ಒಪ್ಪಂದವನ್ನು ಒಂಟಿಯಾಗಿ ಓದಬೇಡಿ.

ಸಂವಿಧಾನದ ಪ್ರಶ್ನೆ ಬಂದರೆ ಬೇರುಬಾರಿ (ಪಾಕಿಸ್ತಾನಕ್ಕೆ ಕೊಡಲು ಹೊರಟಿದ್ದ ಬಂಗಾಳದ ಪ್ರದೇಶ) ಪ್ರಕರಣ ಹೇಳಿ. ಭಾರತದ ನೆಲವನ್ನು ಪರದೇಶಕ್ಕೆ ಕೊಡಲು ಸಂವಿಧಾನ ತಿದ್ದುಪಡಿಯೇ ಬೇಕು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯ ಕೊಟ್ಟಿತು, 9ನೇ ತಿದ್ದುಪಡಿ ಬಂತು. ಕಚ್ಚತೀವಿಗೆ ತಿದ್ದುಪಡಿ ಆಗಲಿಲ್ಲ. ನೆಲ ಕೊಟ್ಟಿಲ್ಲ, ತೀರ್ಮಾನವಾಗದಿದ್ದ ಗಡಿಯನ್ನು ಗುರುತಿಸಿದ್ದಷ್ಟೇ ಎಂಬುದು ಕೇಂದ್ರದ ನಿಲುವು. ಅದನ್ನೇ ಪ್ರಶ್ನಿಸಿ ಜಯಲಲಿತಾ 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಸ್ಪರ್ಧೆ ಬೆಳಗಾವಿಯಲ್ಲಿರುವುದರಿಂದ ನಮ್ಮ ಗಡಿ ತಕರಾರನ್ನು ಹೋಲಿಸುವ ಆಸೆ ಬಂದೇ ಬರುತ್ತದೆ. ಹೋಲಿಸಬೇಡಿ. ಮಹಾಜನ ವರದಿ (1967), ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ, ಇವು ಒಂದೇ ದೇಶದ ಎರಡು ರಾಜ್ಯಗಳ ಮಾತು. ರಾಜ್ಯದ ಗಡಿಯನ್ನು 3ನೇ ವಿಧಿಯಡಿ ಸಂಸತ್ತು ಸಾಧಾರಣ ಕಾಯ್ದೆಯಿಂದಲೇ ಬದಲಿಸಬಹುದು. ಹೋಲಿಕೆ ತಂದವರ ವಾದ ಅಲ್ಲಿಗೇ ಕುಸಿಯುತ್ತದೆ.

'ಭಾರತ ಹೇಗ್‌ಗೆ ಹೋಗಬಹುದಲ್ಲ' ಎಂಬ ಪ್ರಶ್ನೆಯೂ ಬರುತ್ತದೆ. ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕು, ಮತ್ತು ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯವನ್ನು ಭಾರತ ತನ್ನ ಘೋಷಣೆಯಲ್ಲೇ ಹೊರಗಿಟ್ಟಿದೆ. ಶ್ರೀಲಂಕಾ ಕಾಮನ್‌ವೆಲ್ತ್ ಸದಸ್ಯ.

ದ್ವೀಪ ಮರಳಿ ಬಂದರೆ ಮೀನುಗಾರರ ಬಂಧನ ನಿಂತೀತು ಎಂದು ವಾದದಲ್ಲಿ ಸೇರಿಸಬೇಡಿ. ಗೆರೆ ಶ್ರೀಲಂಕಾದ ಡೆಲ್ಫ್ಟ್ ದ್ವೀಪದ ಕಡೆ ಕೆಲವೇ ಕಿಲೋಮೀಟರ್ ಸರಿದೀತು. ತಳ ಬಾಚುವ ಟ್ರಾಲರ್‌ಗಳು ಹೋಗುವುದು ಅದರಾಚೆಗೆ, ಮತ್ತು ಶ್ರೀಲಂಕಾ 2017ರಲ್ಲಿ ಆ ಬಲೆಯನ್ನೇ ನಿಷೇಧಿಸಿದೆ. ಆ ಕಡೆಯ ಸಣ್ಣ ದೋಣಿಯವರೂ ತಮಿಳು ಮೀನುಗಾರರೇ, ಬಲೆ ಹರಿದು ನಷ್ಟವಾಗುವುದು ಅವರಿಗೇ. ಈ ಸಂಗತಿ ತಿಳಿಯದೆ ಮಾತಾಡುವುದು ಎರಡೂ ದಂಡೆಯವರಿಗೆ ಅನ್ಯಾಯ.

ಘಟಪ್ರಭಾ ದಂಡಿ, ಬಾಗಲಕೋಟೆ

ಮೂವರಿಗೂ ಧನ್ಯವಾದ. ಜೆಟ್ಟಿ ಕೈಬಿಟ್ಟು ಪರವಾನಗಿ ಮತ್ತು ಪತ್ರದ ಸುತ್ತ ಹೊಸದಾಗಿ ಬರೆಸುತ್ತೇನೆ. ಒಂದೇ ಸಂಶಯ: ವಾದದಲ್ಲಿ 'ವಹಿವಾಟು' ಎಂಬ ಪದವನ್ನೇ ಬಳಸಬಹುದೇ?

ಹದ್ದಬಸ್ತು, ವಿಜಯಪುರ

ಬಳಸ್ರಿ ಸರ, ಆದ್ರ ಮೊದಲನೇ ಸಲ ಬಂದಲ್ಲಿ 'ಸರ್ಕಾರಿ ಸ್ವಾಧೀನಾನುಭವ, ಅಂದ್ರ ವಹಿವಾಟು' ಅಂತ ಬಿಡಿಸಿ ಹೇಳಿಸ್ರಿ. ನ್ಯಾಯಾಧೀಶರು ಬೆಂಗಳೂರು, ಮೈಸೂರು ಕಡೆಯವ್ರು ಇದ್ರ ಅವ್ರಿಗೆ ವಹಿವಾಟು ಅಂದ್ರ ವ್ಯಾಪಾರ. ದ್ವೀಪದಾಗ ಅಂಗಡಿ ಇತ್ತೇನು ಅಂತ ಕೇಳಿದ್ರ ಹುಡುಗರ ಎರಡು ನಿಮಿಷ ಅಲ್ಲೇ ಹೋಗ್ತಾವ.