ಕಾಫಿಯನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಬಹುದೇ?

ಪ್ರಶ್ನೆ | ಬೆಣ್ಣೆನಗರಿ

ನಾನು ದಾವಣಗೆರೆಯವನು, ವಯಸ್ಸು ಐವತ್ತನಾಲ್ಕು. ಕಳೆದ ಬೇಸಿಗೆಯಲ್ಲಿ ಮೂತ್ರಪಿಂಡದಲ್ಲಿ ಕಲ್ಲಾಗಿ, ಅದು ಕೆಳಗಿಳಿಯುವ ಹೊತ್ತಿಗೆ ರಾತ್ರಿಯಿಡೀ ಅನುಭವಿಸಿದ ನೋವನ್ನು ಇಲ್ಲಿ ವರ್ಣಿಸುವುದಿಲ್ಲ. ಕಲ್ಲು ಹೋಯಿತು; ‘ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ’ ಎಂಬ ವೈದ್ಯರ ಮಾತು ಉಳಿಯಿತು.

ಬೆಳಗಿನ ಐದೂವರೆಯಿಂದ ಸಂಜೆಯವರೆಗೆ ನಾಲ್ಕು ಲೋಟ ಫಿಲ್ಟರ್ ಕಾಫಿ, ಊಟಕ್ಕೆ ಎರಡು ಲೋಟ ನೀರು ಮಜ್ಜಿಗೆ, ಮಲಗುವ ಮುನ್ನ ಒಂದು ಲೋಟ ಹಾಲು ಕುಡಿಯುವುದು ನನ್ನ ರೂಢಿ. ಮಜ್ಜಿಗೆ ಮತ್ತು ಹಾಲನ್ನು ಮೂರು ಲೀಟರಿನೊಳಗೆ ಸೇರಿಸಿಕೊಳ್ಳಲು ನಮ್ಮ ಮನೆಯವರ ತಕರಾರಿಲ್ಲ. ಕಾಫಿಯ ವಿಷಯದಲ್ಲಿ ಮಾತ್ರ ಅವರದು ಕಟ್ಟುನಿಟ್ಟಿನ ನಿಲುವು: ಕಾಫಿ ಲೆಕ್ಕಕ್ಕೆ ಬಾರದು ಎನ್ನುವುದಷ್ಟೇ ಅಲ್ಲ, ಅದು ಮೈಯಲ್ಲಿರುವ ನೀರನ್ನೂ ಹೊರಗೆ ಹಾಕುವುದರಿಂದ ಪ್ರತಿ ಲೋಟ ಕಾಫಿಗೂ ಒಂದು ಲೋಟ ನೀರನ್ನು ದಂಡವಾಗಿ ಕುಡಿಯಬೇಕಂತೆ. ಬಸ್ಸಿನಲ್ಲಿ ಊರೂರು ತಿರುಗುವ ಕೆಲಸದವನಿಗೆ ಇದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ತಿಳಿದವರು ಕಾರಣ ಸಹಿತ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1 | ನಿವೃತ್ತ ಅಧ್ಯಾಪಕಿ, ಮೈಸೂರು

ಸೇರಿಸಬಹುದು. ಆದರೆ ನಿಮ್ಮ ಮನೆಯವರ ಮಾತಿಗೆ ಆಧಾರವೇ ಇಲ್ಲವೆಂದು ಹೇಳಲಾರೆ. ಕಾಫಿಯಲ್ಲಿರುವ ಕೆಫೀನಿಗೆ ಮೂತ್ರವನ್ನು ಹೆಚ್ಚಿಸುವ ಗುಣ ಇರುವುದು ನಿಜ. ಮೂತ್ರಪಿಂಡವು ತಾನು ಸೋಸಿದ ದ್ರವದಿಂದ ಬಹುಪಾಲು ಉಪ್ಪನ್ನೂ ನೀರನ್ನೂ ಮರಳಿ ರಕ್ತಕ್ಕೆ ಹೀರಿಕೊಳ್ಳುತ್ತದೆ, ಈ ಕೆಲಸಕ್ಕೆ ಅಡೆನೊಸಿನ್ ಎಂಬ ರಾಸಾಯನಿಕವೂ ನೆರವಾಗುತ್ತದೆ. ಕೆಫೀನ್ ಅಡೆನೊಸಿನ್ನಿಗೆ ಅಡ್ಡ ನಿಲ್ಲುವುದರಿಂದ ಒಂದಿಷ್ಟು ಸೋಡಿಯಂ ಮೂತ್ರದಲ್ಲೇ ಉಳಿದು, ಅದರ ಬೆನ್ನಿಗೆ ನೀರೂ ಹೊರಟುಹೋಗುತ್ತದೆ. ಆದರೆ ದಿನವೂ ಕಾಫಿ ಕುಡಿಯುವವರ ದೇಹ ಇದಕ್ಕೆ ಬೇಗನೆ ಒಗ್ಗಿಕೊಳ್ಳುತ್ತದೆ. ಎಡ್ಡಿ ಮತ್ತು ಡೌನ್ಸ್ ಎಂಬ ಇಬ್ಬರು ಸಂಶೋಧಕರು ಈ ಒಗ್ಗುವಿಕೆಯನ್ನು 1928ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಕೆಲವು ದಿನ ಕಾಫಿ ಬಿಟ್ಟು ಮತ್ತೆ ಕುಡಿದರೆ ಹಳೆಯ ಪರಿಣಾಮ ಮರಳುತ್ತದೆ.

ಒಗ್ಗಿಕೊಂಡವರ ಮೇಲೆಯೇ ನಡೆದ ಒಂದು ಪ್ರಯೋಗ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ದಿನಕ್ಕೆ ಮೂರರಿಂದ ಆರು ಕಪ್ ಕಾಫಿ ಕುಡಿಯುವ 50 ಗಂಡಸರಿಗೆ ಮೂರು ದಿನ 200 ಮಿಲಿಲೀಟರಿನ ನಾಲ್ಕು ಕಪ್ ಕಾಫಿಯನ್ನೂ, ಇನ್ನೊಂದು ಸರದಿಯ ಮೂರು ದಿನ ಅಷ್ಟೇ ಪ್ರಮಾಣದ ನೀರನ್ನೂ ಕೊಟ್ಟು, ಅವರ ರಕ್ತವನ್ನೂ ದಿನವಿಡೀ ಸಂಗ್ರಹಿಸಿದ ಮೂತ್ರವನ್ನೂ ಪರೀಕ್ಷಿಸಿದರು. ದೇಹದ ನೀರಿನ ಅಂಶವಾಗಲಿ ಮೂತ್ರದ ಒಟ್ಟು ಪ್ರಮಾಣವಾಗಲಿ ಎರಡು ಸರದಿಗಳಲ್ಲಿ ಗಮನಾರ್ಹವಾಗಿ ಬೇರೆಯಾಗಿರಲಿಲ್ಲ. ಆದ್ದರಿಂದ ದಂಡದ ನೀರನ್ನು ಮನೆಯವರು ಮನ್ನಾ ಮಾಡಬಹುದು.

ಇನ್ನು ಆ ‘ಲೀಟರು’ಗಳ ಮೂಲ. ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ 1945ರಲ್ಲಿ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಸಾಕೆಂದು ಹೇಳಿ, ಅದರಲ್ಲಿ ಬಹುಭಾಗ ಬೇಯಿಸಿದ ಆಹಾರದಲ್ಲೇ ಇರುತ್ತದೆ ಎಂಬ ಸಾಲನ್ನೂ ಜೊತೆಗೆ ಬರೆದಿತ್ತು. ಮೊದಲ ಸಾಲು ಜಗತ್ತನ್ನೆಲ್ಲ ಸುತ್ತಿತು, ಎರಡನೆಯದು ಅಲ್ಲೇ ಉಳಿಯಿತು. 2004ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆ ಗಂಡಸರಿಗೆ 3.7, ಹೆಂಗಸರಿಗೆ 2.7 ಲೀಟರ್ ಎಂದಾಗಲೂ ಅದು ಆಹಾರ, ಕಾಫಿ, ಟೀ ಎಲ್ಲದರಲ್ಲಿರುವ ನೀರನ್ನು ಕೂಡಿಸಿದ ಲೆಕ್ಕವಾಗಿತ್ತು. ನಾವು ಉಣ್ಣುವ ಅನ್ನದಲ್ಲೇ ಮೂರನೇ ಎರಡು ಪಾಲು ನೀರಿರುತ್ತದೆ. ಅದರ ಮೇಲೆ ಸುರಿದುಕೊಳ್ಳುವ ಸಾರಂತೂ ಬಹುತೇಕ ನೀರೇ.

ಆದರೆ ಕಲ್ಲಾದವರ ಮಾತು ಬೇರೆ. ಮೂತ್ರ ತೆಳುವಾಗಿದ್ದರೆ ಲವಣಗಳು ಹರಳುಗಟ್ಟುವುದಿಲ್ಲ ಎಂಬುದು ಇಲ್ಲಿನ ತತ್ವವಾದ್ದರಿಂದ, ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ನೋಡುವುದು ಒಳಗೆ ಹೋದದ್ದನ್ನಲ್ಲ, ಹೊರಗೆ ಬಂದದ್ದನ್ನು: ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಬರಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬೆವರಿಗೆ ಎಷ್ಟು ಹೋಯಿತೆಂದು ಲೋಟ ಎಣಿಸುವವರಿಗೆ ಗೊತ್ತಾಗುವುದಿಲ್ಲ. ಒಂದು ರಜೆಯ ದಿನ ಮನೆಯಲ್ಲೇ ಇದ್ದು, ಬೆಳಗಿನಿಂದ ಮರುದಿನ ಬೆಳಗಿನವರೆಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗಿನಲ್ಲಿ ಅಳೆದು ನೋಡಿ. ಮುಜುಗರವೆನಿಸಬಹುದು, ಆದರೆ ಇದಕ್ಕಿಂತ ನೇರವಾದ ಉಪಾಯ ಇಲ್ಲ.

ಉತ್ತರ 2 | ಅತ್ತೆಯ ಸೊಸೆ

ನಮ್ಮ ಅತ್ತೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತದೆ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಅರ್ಧ ಲೀಟರ್, ಇದಿಷ್ಟೇ ಅವರ ಒಂದು ದಿನದ ಪಾಲು. ಆ ಪಾಲಿನಲ್ಲಿ ಬೆಳಗಿನ ಕಾಫಿ, ಮಾತ್ರೆ ನುಂಗುವ ಗುಟುಕು ನೀರು, ಅನ್ನಕ್ಕೆ ಬಡಿಸುವ ತಿಳಿಸಾರು, ಬಾಯಿ ಒಣಗಿದಾಗ ಚೀಪುವ ಮಂಜುಗಡ್ಡೆಯ ಚೂರು, ಎಲ್ಲವನ್ನೂ ಬರೆದಿಡಬೇಕೆಂದು ಆಸ್ಪತ್ರೆಯ ಆಹಾರ ತಜ್ಞೆ ಹೇಳಿಕೊಟ್ಟಿದ್ದಾರೆ. ಕಾಫಿ ಮೈಯ ನೀರನ್ನು ತೆಗೆಯುವಂತಿದ್ದರೆ ಅದನ್ನು ಲೆಕ್ಕದಿಂದ ಕಳೆಯಿರಿ ಎಂದು ಅವರು ಎಂದೋ ಹೇಳುತ್ತಿದ್ದರು. ನೂರು ಮಿಲಿ ಕಾಫಿ ಎಂದರೆ ನೂರು ಮಿಲಿ ಎಂದೇ ಅವರ ಲೆಕ್ಕ. ಎಳನೀರನ್ನು ಮಾತ್ರ ಪೂರ್ತಿ ನಿಲ್ಲಿಸಿದ್ದಾರೆ, ಅದಕ್ಕೆ ಕಾರಣ ನೀರಲ್ಲ, ಅದರಲ್ಲಿರುವ ಪೊಟ್ಯಾಸಿಯಂ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮೇಲಿನ ಉತ್ತರ ಓದಿ ನೀರು ಹೆಚ್ಚಿಸಿಕೊಳ್ಳಬಾರದು ಎಂಬ ಕಳಕಳಿಯಿಂದ ಇಷ್ಟು ಬರೆದೆ.

ಉತ್ತರ 3 | ಬೈಟು

ಲೆಕ್ಕಕ್ಕೆ ಸೇರುತ್ತದೆ ಎಂದಮಾತ್ರಕ್ಕೆ ನೀರಿನ ಬದಲು ಕಾಫಿಯನ್ನೇ ಹೆಚ್ಚಿಸಲು ಪರವಾನಗಿ ಸಿಕ್ಕಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂದೂ, ಕಾಫಿ, ಟೀಯಲ್ಲಿರುವ ಟ್ಯಾನಿನ್ ಎಂಬ ವಸ್ತು ದೇಹ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲು ಅಡ್ಡಿ ಮಾಡುವುದರಿಂದ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಅವು ಬೇಡವೆಂದೂ ಇದೆ. ಅದೇ ಪುಸ್ತಕದ ಪ್ರಕಾರ 150 ಮಿಲಿಲೀಟರ್ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಪುಡಿಯಲ್ಲೂ ಚಿಕೋರಿ ಸೇರಿಸುವ ನಮ್ಮ ಕಾಫಿಗೆ ಈ ಅಂಕಿ ಹಾಗೆಯೇ ಹೊಂದುವುದಿಲ್ಲ, ಚಿಕೋರಿಯಲ್ಲಿ ಕೆಫೀನೇ ಇಲ್ಲ. ನನಗೆ ಹೆಚ್ಚು ಚಿಂತೆ ಸಕ್ಕರೆಯದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟವಾದರೆ ಎಂಟು ಚಮಚ, ಬಾಯಾರಿಕೆ ನೀಗಲು ಯಾರೂ ಅಷ್ಟು ಸಕ್ಕರೆ ತಿನ್ನುವುದಿಲ್ಲ.

ಬೆಣ್ಣೆನಗರಿ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಅಧ್ಯಾಪಕಿಯವರು ಹೇಳಿದಂತೆಯೇ ಮಾಡಿದೆ. ಜಗ್ಗಿನ ಲೆಕ್ಕ 1,650 ಮಿಲಿಲೀಟರಿಗೆ ನಿಂತಿತು. ಮನೆಯಲ್ಲಿ ನೆರಳಿಗಿದ್ದ ದಿನವೇ ಇಷ್ಟಾದರೆ, ಬಸ್ಸಿನ ದಿನಗಳಲ್ಲಿ ಇನ್ನೆಷ್ಟು ಕಡಿಮೆಯಿದ್ದೀತು ಎಂದು ನೆನೆದು ದಿಗಿಲಾಯಿತು.

ಅದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಜಗ್ಗು ಕೈಯಲ್ಲಿದ್ದಾಗ ಮನೆಯವರು ನನ್ನ ಕಾಫಿ ಲೋಟವನ್ನೂ ಅಳೆಯೋಣವೆಂದು, ಬಳಸದ ಇನ್ನೊಂದು ಅಳತೆ ಪಾತ್ರೆ ತಂದರು. ನೊರೆ ಇಳಿದ ಮೇಲೆ ಲೋಟದಲ್ಲಿದ್ದದ್ದು 90 ಮಿಲಿಲೀಟರ್. ಇಷ್ಟು ದಿನ ನಾವಿಬ್ಬರೂ ವಾದ ಮಾಡಿದ್ದು ಒಟ್ಟು 360 ಮಿಲಿಲೀಟರಿಗಾಗಿ, ಅಂದರೆ ಒಂದೂವರೆ ದೊಡ್ಡ ಲೋಟ ನೀರಿಗಾಗಿ! ಒಂದು ಸಂದೇಹ ಉಳಿದಿದೆ: ಕೊರತೆಯನ್ನು ಮಜ್ಜಿಗೆಯಿಂದ ತುಂಬಿಸಬಹುದೇ?

ನಿವೃತ್ತ ಅಧ್ಯಾಪಕಿ, ಮೈಸೂರು

ಉಪ್ಪು ಹಾಕದ ಮಜ್ಜಿಗೆಯಾದರೆ ಆಗಬಹುದು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಅದು ಕಲ್ಲಿಗೆ ಮತ್ತೆ ದಾರಿ. ಬಹುಪಾಲನ್ನು ನೀರಿನಿಂದಲೇ ತುಂಬಿಸಿ. ನಡುವೆ ಸಕ್ಕರೆ, ಉಪ್ಪು ಎರಡೂ ಇಲ್ಲದ ನಿಂಬೆ ನೀರು ಕುಡಿದರೆ, ಕಲ್ಲುಗಟ್ಟುವುದಕ್ಕೆ ತಡೆಯಾಗುವ ಅದರ ಸಿಟ್ರೇಟ್ ನಿಮಗೆ ಅನುಕೂಲವೇ. ರಾತ್ರಿ ಮೂತ್ರ ಗಟ್ಟಿಯಾಗುವುದರಿಂದ ಮಲಗುವ ಮುನ್ನ ಹಾಲಿನ ಜೊತೆಗೆ ಒಂದು ಲೋಟ ನೀರನ್ನೂ ಕುಡಿಯಿರಿ. ನಡುರಾತ್ರಿ ಒಮ್ಮೆ ಏಳಬೇಕಾಗುತ್ತದೆ, ಎದ್ದಾಗ ಇನ್ನರ್ಧ ಲೋಟ ಕುಡಿದು ಮಲಗಿ.