ಕೆಲಸದಿಂದ ತೆಗೆದರು ಅಂತ ಇಂಟರ್‌ವ್ಯೂನಲ್ಲಿ ಹೇಗೆ ಹೇಳೋದು?

ಪ್ರಶ್ನೆ

ಮೇಡಂ, ನಮಸ್ತೆ. ನನಗೆ 34 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ 7 ವರ್ಷ 4 ತಿಂಗಳು ಇದ್ದೆ. ಎರಡು ತಿಂಗಳ ಹಿಂದೆ ತೆಗೆದುಹಾಕಿದರು.

ತಪ್ಪು ನನ್ನದೇ. ಒಂದು ಪಾರ್ಟಿನಲ್ಲಿ 22 ಎಚ್7 ಬೋರ್, ಅಂದರೆ ನಿಖರ ಅಳತೆಯ 22 ಎಂಎಂ ರಂಧ್ರ ಇತ್ತು. ಅದರೊಳಗೆ ಪ್ಲಗ್ ಗೇಜ್ ತೂರಿಸಿ ಅಳತೆ ನೋಡುತ್ತಿದ್ದೆವು. ಬೋರ್ ಸರಿ ಇದ್ದರೆ ಗೇಜಿನ ಗೋ ತುದಿ ಒಳಗೆ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಗೋ ತುದಿ ಸವೆದಿತ್ತು. ಕ್ಯಾಲಿಬ್ರೇಷನ್, ಅಂದರೆ ಗೇಜ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸುವ ತಾರೀಕು ಮುಗಿದು ಮೂರು ವಾರ ಆಗಿತ್ತು. ಆ ತಾರೀಕಿರುವ ಸ್ಟಿಕರ್ ನಾನು ನೋಡಲಿಲ್ಲ. ಬೋರ್ ಚಿಕ್ಕದಿದ್ದರೂ ಗೇಜ್ ಒಳಗೆ ಹೋಗುತ್ತಿತ್ತು, ನಾನು ಪಾಸ್ ಮಾಡುತ್ತಾ ಹೋದೆ. 1,200 ಪೀಸ್ ಹೋಯಿತು. ಕಸ್ಟಮರ್ ಲೈನಿನಲ್ಲಿ ಪಿನ್ ಕೂರಲಿಲ್ಲ. ಇಡೀ ಲಾಟ್ ವಾಪಸ್ ಬಂತು. ಮಾರನೇ ದಿನವೇ ‘ಕರ್ತವ್ಯದಲ್ಲಿ ಅಲಕ್ಷ್ಯ’ ಅಂತ ಲೆಟರ್ ಕೈಗೆ ಕೊಟ್ಟರು. ವಿಚಾರಣೆ ಏನೂ ಆಗಲಿಲ್ಲ. ಕೊನೇ ತಿಂಗಳ ಸಂಬಳವೂ ಬಂದಿಲ್ಲ, ಗ್ರಾಚ್ಯುಟಿಯ ಮಾತೇ ಇಲ್ಲ.

ಆಮೇಲೆ ಎರಡು ಕಡೆ ಇಂಟರ್‌ವ್ಯೂ ಆಯಿತು. ಮೊದಲನೇ ಕಡೆ ‘ಅಮ್ಮನಿಗೆ ಹುಷಾರಿರಲಿಲ್ಲ, ಅದಕ್ಕೆ ಬಿಟ್ಟೆ’ ಅಂದೆ. ಅವರು ಹಳೇ ಕಂಪನಿಗೆ ಫೋನ್ ಮಾಡಿದರು. ಮತ್ತೆ ನನಗೆ ಕರೆ ಬರಲಿಲ್ಲ. ಎರಡನೇ ಕಡೆ ಎಲ್ಲಾ ನಿಜ ಹೇಳಿದೆ. ಪ್ರೊಡಕ್ಷನ್ ಮ್ಯಾನೇಜರ್ ಎಷ್ಟು ಒತ್ತಡ ಹಾಕುತ್ತಿದ್ದರು ಅಂತಲೂ ಹೇಳಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಅಲ್ಲೂ ಆಗಲಿಲ್ಲ. ಸುಳ್ಳು ಹೇಳಿದರೂ ಕಷ್ಟ, ನಿಜ ಹೇಳಿದರೂ ಕಷ್ಟ. ಏನು ಮಾಡಲಿ? ಹೆಂಡತಿಗೆ ಗೊತ್ತು. ಊರಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ

ಕಾರ್ಖಾನೆಗಳ ಎಚ್‌ಆರ್‌ನಲ್ಲಿ ನನಗೆ 22 ವರ್ಷ ಆಯಿತು. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ‘ತಪ್ಪು ನನ್ನದೇ’ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಲ್ಲ, ಇಂಟರ್‌ವ್ಯೂನಲ್ಲೂ ಅಷ್ಟೇ ಬೇಕು. ನೀವು ನಿಜ ಹೇಳಿದ್ದಕ್ಕೆ ಎರಡನೇ ಕೆಲಸ ಕೈತಪ್ಪಿತು ಅಂತ ನನಗನ್ನಿಸುವುದಿಲ್ಲ. ಅದು ತಪ್ಪಿದ್ದು ಇಪ್ಪತ್ತು ನಿಮಿಷಕ್ಕೆ, ಮತ್ತೆ ಆ ಮ್ಯಾನೇಜರ್ ಮಾತಿಗೆ. ಎದುರು ಕೂತವರೂ ಯಾರಿಗೋ ಮ್ಯಾನೇಜರೇ ಅಲ್ವಾ? ನಾಳೆ ನನ್ನ ಬಗ್ಗೆಯೂ ಹೀಗೇ ಹೇಳುತ್ತಾರೆ ಅಂತ ಅವರಿಗೆ ಅನ್ನಿಸುತ್ತದೆ.

ಹೀಗೆ ಹೇಳಿ ನೋಡಿ: ‘ಏಳು ವರ್ಷ ಅಲ್ಲಿ ಕ್ವಾಲಿಟಿ ನೋಡಿಕೊಂಡಿದ್ದೆ. ಕ್ಯಾಲಿಬ್ರೇಷನ್ ಮುಗಿದ ಗೇಜಿನಲ್ಲಿ ಒಂದು ಲಾಟ್ ಪಾಸ್ ಮಾಡಿದೆ, ಅದು ವಾಪಸ್ ಬಂತು, ಅದಕ್ಕೆ ನನ್ನನ್ನು ತೆಗೆದರು. ಈಗ ಸ್ಟಿಕರ್ ನೋಡದೆ ಯಾವ ಗೇಜನ್ನೂ ಕೈಗೆತ್ತಿಕೊಳ್ಳುವುದಿಲ್ಲ.’ ಅಷ್ಟೇ. ಮೂರೇ ವಾಕ್ಯ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಸುಮ್ಮನಿರುವುದೇ ಕಷ್ಟ, ನನಗೆ ಗೊತ್ತು. ಕೋಣೆ ಸ್ತಬ್ಧವಾದಾಗ ಇನ್ನೇನಾದರೂ ಸೇರಿಸಬೇಕು ಅನ್ನಿಸುತ್ತದೆ. ಸೇರಿಸಬೇಡಿ. ಅವರು ಕೇಳಿದರೆ ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡಿ. ಮನೆಯಲ್ಲಿ ಹೆಂಡತಿಯನ್ನು ಎದುರು ಕೂರಿಸಿಕೊಂಡು ಹತ್ತು ಸಲ ಹೇಳಿ, ನಾಲಿಗೆ ತಡವರಿಸದ ಹಾಗೆ.

ಒಬ್ಬ ಕ್ವಾಲಿಟಿ ಮ್ಯಾನೇಜರ್ ಕಿವಿಯಿಂದ ಇದನ್ನು ಕೇಳಿ. ಅವರ ಕಂಪನಿಗೂ ಕಸ್ಟಮರ್ ಆಡಿಟ್ ಬರುತ್ತದೆ, ಐಎಸ್‌ಒ ಆಡಿಟ್ ಬರುತ್ತದೆ. ಆಡಿಟರ್ ಬಂದವರು ಟೇಬಲ್ ಮೇಲಿನ ಒಂದು ಗೇಜ್ ಎತ್ತಿ ಅದರ ತಾರೀಕು ನೋಡುತ್ತಾರೆ. ಆ ಭಯ ಅವರಿಗೆ ದಿನವೂ ಇದೆ. ಅದರಲ್ಲೇ ಕೈ ಸುಟ್ಟುಕೊಂಡು ಪಾಠ ಕಲಿತವನು ಎದುರಿಗೆ ಕೂತಿದ್ದಾನೆ. ನಾನಾಗಿದ್ದರೆ ನಿಮ್ಮನ್ನು ಪ್ರಾಕ್ಟಿಕಲ್‌ಗೆ ಕಳಿಸುತ್ತಿದ್ದೆ.

ಪ್ರಾಕ್ಟಿಕಲ್ ಅಂದಾಗ ನೆನಪಾಯಿತು. ನಮ್ಮಲ್ಲಿ ಒಂದು ಡ್ರಾಯಿಂಗ್, ಒಂದು ಪೀಸ್, ಒಂದು 25 ಎಂಎಂ ಮೈಕ್ರೋಮೀಟರ್ ಕೊಟ್ಟು ಕೂರಿಸುತ್ತೇವೆ. ರೀಡಿಂಗ್ ಸರಿ ಬಂತಾ ಅನ್ನುವುದು ಆಮೇಲಿನ ಮಾತು. ಮೊದಲು ನೋಡುವುದು ಕೈಯನ್ನು. ಎರಡೂ ಮುಖಗಳನ್ನು ಬಟ್ಟೆಯಲ್ಲಿ ಒರೆಸಿದನಾ? ಮುಚ್ಚಿ ಝೀರೋ ನೋಡಿದನಾ? ರ‍್ಯಾಚೆಟ್ ಅನ್ನುವ ತುದಿಯ ತಿರುಪನ್ನು ಹದವಾಗಿ ತಿರುಗಿಸಿದನಾ, ಇಲ್ಲ ಥಿಂಬಲ್ ಅನ್ನುವ ದೊಡ್ಡ ತಿರುಪು ಹಿಡಿದು ಬಿಗಿದನಾ? ಪೀಸಿನಲ್ಲಿ ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ಇದ್ದರೆ ಬೆರಳಾಡಿಸಿ ನೋಡಿದನಾ? ನೀವು ಅದಕ್ಕೂ ಮೊದಲು ಸ್ಟಿಕರಿನ ತಾರೀಕು ಓದಿ. ಕೇಳಿಸುವ ಹಾಗೆ, ಬಾಯಿಬಿಟ್ಟು. ನೀವು ಹೇಳಿದ ಮೂರು ಮಾತು ಬರೀ ಮಾತಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ‘ಅಮ್ಮನಿಗೆ ಹುಷಾರಿಲ್ಲ’ ಅನ್ನುವುದನ್ನು ಬಿಟ್ಟುಬಿಡಿ. ದೊಡ್ಡ ಕಂಪನಿಗಳು ವೆರಿಫಿಕೇಷನ್‌ಗೆ ಏಜೆನ್ಸಿ ಇಟ್ಟಿರುತ್ತವೆ. ಸಣ್ಣ ಕಂಪನಿಗಳು ನೇರ ಫೋನ್ ಮಾಡುತ್ತವೆ. ಪೀಣ್ಯ ಎಷ್ಟೇ ದೊಡ್ಡದಾದರೂ ಕ್ವಾಲಿಟಿಯವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ತೆಗೆದರು ಅನ್ನುವುದಕ್ಕಿಂತ ಸುಳ್ಳು ಹೇಳಿದ ಅನ್ನುವುದೇ ಜಾಸ್ತಿ ಹೊಡೆತ ಕೊಡುತ್ತದೆ. ನಾನೇ ಹಾಗೆ ಇಬ್ಬರ ಆಫರ್ ವಾಪಸ್ ತೆಗೆದುಕೊಂಡಿದ್ದೇನೆ. ಇಬ್ಬರೂ ಕೆಲಸದಲ್ಲಿ ಚೆನ್ನಾಗಿದ್ದವರು. ಇವತ್ತಿಗೂ ಬೇಜಾರಿದೆ.

ಒಂದು ಸಮಾಧಾನದ ವಿಷಯ. ಪಿಎಫ್ ದಾಖಲೆಯಲ್ಲಿ ‘ಡಿಸ್ಮಿಸ್’ ಅಂತ ಬರುತ್ತದೆ ಅಂತ ಜನ ಹೆದರುತ್ತಾರೆ. ಅಲ್ಲಿ ಕಾರಣದ ಜಾಗದಲ್ಲಿ ನಿವೃತ್ತಿ, ಸಾವು, ಶಾಶ್ವತ ಅಂಗವೈಕಲ್ಯ ಬಿಟ್ಟರೆ ‘ಸೆಸೇಷನ್’, ಅಂದರೆ ಸೇವೆ ನಿಂತಿತು ಅಂತ ಮಾತ್ರ ಇರುತ್ತದೆ. ರಾಜೀನಾಮೆಗೂ ಅದೇ, ತೆಗೆದರೂ ಅದೇ. ಆದರೆ ಸೇರಿದ ತಾರೀಕು, ಬಿಟ್ಟ ತಾರೀಕು ಎರಡೂ ಕಾಣುತ್ತವೆ. ಬಯೋಡೇಟಾದಲ್ಲಿ ‘ಇಂದಿನವರೆಗೆ’ ಅಂತ ಬರೆದಿದ್ದರೆ ಈಗಲೇ ತಿದ್ದಿ. ಹಳೇ ಕಂಪನಿ ಬಿಟ್ಟ ತಾರೀಕು ಹಾಕಿಲ್ಲದಿದ್ದರೆ, ಕೊನೇ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ಹಾಕಬಹುದು. ಪಿಎಫ್ ದುಡ್ಡನ್ನು ಪೂರ್ತಿ ತೆಗೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಿಮ್ಮದು ಏಳು ದಾಟಿದೆ. ಹೊಸ ಕಡೆ ಅದೇ ಯುಎಎನ್ (ನಿಮ್ಮ ಪಿಎಫ್ ನಂಬರ್) ಕೊಟ್ಟು ವರ್ಗ ಮಾಡಿಸಿಕೊಳ್ಳಿ.

ಸಂಬಳದ ವಿಚಾರ. ತೆಗೆದ ಮೇಲೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು ಅಂತ ಕಾನೂನಿದೆ. ನಿಮಗೆ ಎರಡು ತಿಂಗಳಾಗಿದೆ. ಗ್ರಾಚ್ಯುಟಿಗೆ 5 ವರ್ಷ ಸೇವೆ ಸಾಕು, ಕಂಪನಿಯವರು 30 ದಿನದೊಳಗೆ ಕೊಡಬೇಕು. ಲೆಕ್ಕ ಸುಲಭ. ತಿಂಗಳಿಗೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 18,000 ಅಂತಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 7 ವರ್ಷಕ್ಕೆ ಗುಣಿಸಿದರೆ ಸುಮಾರು 72,692 ರೂಪಾಯಿ. ಸಣ್ಣ ಮೊತ್ತವಲ್ಲ. ಅಲಕ್ಷ್ಯದಿಂದ ಕಂಪನಿ ಆಸ್ತಿಗೆ ನಷ್ಟವಾಯಿತು ಅನ್ನುವ ಕಾರಣಕ್ಕೆ ತೆಗೆದಿದ್ದರೆ, ಆದ ನಷ್ಟದಷ್ಟನ್ನು ಮಾತ್ರ ಹಿಡಿಯಲು ಅವಕಾಶವಿದೆ. ಅದನ್ನೂ ನಿಮ್ಮ ಮಾತು ಕೇಳದೆ ಹಿಡಿಯುವಂತಿಲ್ಲ. ಅರ್ಜಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಜತೆಗೆ ಸರ್ವಿಸ್ ಸರ್ಟಿಫಿಕೇಟ್ ಕೇಳಿ. ಡಿಸ್ಮಿಸ್ ಆದವರಿಗೂ ಅದನ್ನು ಕೊಡಬೇಕು ಅಂತ ಮಾದರಿ ಸ್ಥಾಯಿ ಆದೇಶಗಳಲ್ಲೇ, ಅಂದರೆ ಕಾರ್ಖಾನೆ ಕೆಲಸಗಾರರ ಸೇವೆಗೆ ಸರ್ಕಾರ ಮಾಡಿದ ಮಾದರಿ ನಿಯಮಗಳಲ್ಲೇ ಇದೆ. ಹೊಸ ಕಂಪನಿಗೆ ಬೇಕಾಗುವುದು ಅದು, ತೆಗೆದ ಲೆಟರ್ ಅಲ್ಲ.

ಅಪ್ಪನಿಗೆ ಹೇಳುವುದು ನಿಮ್ಮ ಮನೆಯ ವಿಷಯ. ಆದರೂ ಒಂದು ಮಾತು. ಬೇರೆ ಯಾರಿಂದಲೋ ತಿಳಿಯುವ ಮುಂಚೆ ನೀವೇ ಫೋನ್ ಮಾಡಿ ಹೇಳಿದರೆ ಒಳ್ಳೆಯದು.

ಒಬ್ಬ ಸದಸ್ಯರು

ನಾನು ಜಿಗಣಿಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ, 18 ಜನ ಇದ್ದಾರೆ. ತಮ್ಮ, ಒಂದು ವಿಷಯ ಹೇಳುತ್ತೇನೆ. ನಿನ್ನ ಬೋರ್ ಚಿಕ್ಕದಾಗಿತ್ತು, ದೊಡ್ಡದಾಗಿರಲಿಲ್ಲ. ಚಿಕ್ಕದಾದರೆ ರೀಮರ್ ಹಾಕಿ ಸ್ವಲ್ಪ ದೊಡ್ಡದು ಮಾಡಿ ಸರಿ ಮಾಡಬಹುದು. ದೊಡ್ಡದಾದರೆ ಸ್ಕ್ರ್ಯಾಪ್. 1,200 ಪೀಸಿನ ಪೂರ್ತಿ ಬೆಲೆ ನಿನ್ನ ತಲೆಗೆ ಕಟ್ಟಲು ಬಂದರೆ ‘ರೀವರ್ಕ್ ಎಷ್ಟಾಯಿತು, ಬಿಲ್ ತೋರಿಸಿ’ ಅಂತ ಕೇಳು. ಇನ್ನೊಂದು, ಇಂಟರ್‌ವ್ಯೂನಲ್ಲಿ ಗೋ ತುದಿ ಸವೆದರೆ ಏನಾಗುತ್ತದೆ, ನೋ-ಗೋ ತುದಿ ಸವೆದರೆ ಏನಾಗುತ್ತದೆ ಅಂತ ನಾನು ಕೇಳುತ್ತೇನೆ. ಹತ್ತರಲ್ಲಿ ಇಬ್ಬರು ಸರಿಯಾಗಿ ಹೇಳಿದರೆ ಹೆಚ್ಚು. ನಿನಗೆ ಅದು ಅನುಭವದಿಂದ ಗೊತ್ತಿದೆ.

ಉತ್ತರ

ಸರ್, ರೀವರ್ಕ್ ವಿಷಯ ನನಗೆ ಹೊಳೆದಿರಲಿಲ್ಲ. ಇದು ಅವರ ಗ್ರಾಚ್ಯುಟಿ ಅರ್ಜಿಗೇ ಸೇರಿಸುವಂಥ ಮಾತು. ತುಂಬಾ ಥ್ಯಾಂಕ್ಸ್.

ಇನ್ನೊಬ್ಬ ಸದಸ್ಯೆ

ಮೇಡಂ, ನನಗೆ ಲೆಟರ್ ಕೂಡ ಕೊಟ್ಟಿಲ್ಲ. ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಮೂರು ವರ್ಷ ಲೆಕ್ಕ ಬರೆದೆ. ಭಾನುವಾರ ರಾತ್ರಿ ಫೋನ್ ಮಾಡಿ ‘ನಾಳೆಯಿಂದ ಬರಬೇಡಮ್ಮ’ ಅಂದರು. ಕಾರಣ ಹೇಳಲಿಲ್ಲ. ನಾನು ಎಲ್ಲಿ ಏನಂತ ಹೇಳಲಿ?

ಉತ್ತರ

ನೀವು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಕೆಳಗೆ ಬರುತ್ತೀರಿ. ಅದರ 39ನೇ ಸೆಕ್ಷನ್ ನಿಮಗಾಗಿಯೇ ಇದೆ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ವಿಚಾರಣೆ ನಡೆಸಿ ದುರ್ನಡತೆ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಡ.

ಇವತ್ತೇ ಒಂದು ಪತ್ರ ಬರೆಯಿರಿ. ‘ಇಂಥ ತಾರೀಕು ಫೋನಿನಲ್ಲಿ ಬರಬೇಡ ಎಂದಿರಿ, ನಾನು ಕೆಲಸಕ್ಕೆ ಸಿದ್ಧಳಿದ್ದೇನೆ, ತೆಗೆದಿದ್ದರೆ ಕಾರಣ ಬರೆದುಕೊಡಿ, ನೋಟಿಸ್ ಸಂಬಳ ಕೊಡಿ’ ಅಂತ. ಇದು ಯಾಕೆ ಮುಖ್ಯ ಅಂದರೆ, ಪತ್ರ ಇಲ್ಲದಿದ್ದರೆ ನಾಳೆ ಅವರು ‘ಆಕೆಯೇ ಬರುವುದು ನಿಲ್ಲಿಸಿದರು’ ಅಂದುಬಿಡಬಹುದು. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ನಿಮ್ಮ ಏರಿಯಾದ ಅಧಿಕಾರಿ ಯಾರು ಅಂತ ಕೇಳಿ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮೇಲಿನ ಪ್ರಶ್ನೆ ಕೇಳಿದವರಿಗೂ ಸಿಗುತ್ತದೆ, ಕೈಗಾರಿಕಾ ಕಾರ್ಮಿಕರೂ ಆ ಪಟ್ಟಿಯಲ್ಲಿದ್ದಾರೆ.

ಹೊಸ ಕಡೆ ಕೇಳಿದರೆ ಇದ್ದದ್ದನ್ನೇ ಹೇಳಿ: ‘ಮೂರು ವರ್ಷ ಲೆಕ್ಕ ನೋಡಿಕೊಂಡೆ, ಕಾರಣ ಹೇಳದೆ ನಿಲ್ಲಿಸಿದರು.’ ಲೆಕ್ಕದ ಕೆಲಸದಲ್ಲಿ ದುಡ್ಡಿನ ಅನುಮಾನ ಬೇಗ ಬರುತ್ತದೆ. ಅದಕ್ಕೆ ಆ ಅಂಗಡಿಯ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದ ಆಡಿಟರ್ ಇದ್ದರೆ ಅವರ ಹೆಸರು ಕೊಡಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಅವರ ಒಂದು ಮಾತು ಸಾಕು. ಆಡಿಟರ್ ಕಚೇರಿಗಳಿಗೇ ಎಷ್ಟೋ ಸಲ ಲೆಕ್ಕದವರು ಬೇಕಾಗಿರುತ್ತಾರೆ, ಅದನ್ನೂ ವಿಚಾರಿಸಿ.

ಮೊದಲು ಕೇಳಿದವರು

ಮೇಡಂ, ಅಣ್ಣ, ಇಬ್ಬರಿಗೂ ಧನ್ಯವಾದ. ನಿನ್ನೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ‘ಊಟಕ್ಕೆ ದುಡ್ಡಿದೆಯಾ?’ ಅಂತ ಮೊದಲು ಕೇಳಿದರು. ಇನ್ನು ಮೂರು ಪ್ರಶ್ನೆ. ಕೋರ್ಟಿಗೆ ಹೋಗಬೇಕಾ? ಎಲ್ಲಿ ಹುಡುಕಲಿ? ಫಾರ್ಮಿನಲ್ಲಿ ‘ಕೆಲಸ ಬಿಟ್ಟ ಕಾರಣ’ ಅಂತ ಚಿಕ್ಕ ಜಾಗ ಇರುತ್ತದೆ, ಅಲ್ಲಿ ಏನು ಬರೆಯಲಿ?

ಉತ್ತರ

ನಿಮ್ಮಪ್ಪ ಕೇಳಿದ್ದು ಓದಿ ಕಣ್ಣು ತುಂಬಿತು.

ಚಿಕ್ಕ ಜಾಗದಲ್ಲಿ ‘ಕಂಪನಿಯಿಂದ ಸೇವೆ ಮುಕ್ತಾಯ, ವಿವರ ಎದುರಿಗೆ ಹೇಳುತ್ತೇನೆ’ ಅಂತ ಬರೆಯಿರಿ. ‘ಸ್ವಂತ ಕಾರಣ’ ಅಂತ ಬರೆಯಬೇಡಿ. ಕೆಳಗೆ ಸಹಿ ಹಾಕಿರುತ್ತೀರಿ, ಅದು ಫೈಲಿನಲ್ಲಿ ಉಳಿಯುತ್ತದೆ.

ಕೋರ್ಟಿನ ಬಗ್ಗೆ. ವಿಚಾರಣೆ ಮಾಡದೆ ತೆಗೆದಿದ್ದಾರೆ. ಮಾದರಿ ಸ್ಥಾಯಿ ಆದೇಶಗಳು ದುರ್ನಡತೆ ಅಂತ ಕರೆಯುವುದು ಮತ್ತೆ ಮತ್ತೆ ಮಾಡುವ ಅಲಕ್ಷ್ಯವನ್ನು. ನಿಮ್ಮದು ಒಂದು ಸಲ. ಹಾಗಾಗಿ ವಾದಕ್ಕೆ ಜಾಗ ಇದೆ. ಅದಕ್ಕೆ ಕಾಲಮಿತಿಯೂ ಇದೆ, ಈ ತಿಂಗಳಲ್ಲೇ ವಕೀಲರನ್ನು ಕಾಣಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಸಂಬಳ ಮತ್ತು ಗ್ರಾಚ್ಯುಟಿ ಬಿಡಲೇಬೇಡಿ. ಅದು ನೀವು ದುಡಿದದ್ದು. ವಾಪಸ್ ಅದೇ ಕೆಲಸ ಬೇಕಾ ಅನ್ನುವುದನ್ನು ಮಾತ್ರ ಮನೆಯಲ್ಲಿ ಕೂತು ಯೋಚಿಸಿ.

ಹುಡುಕುವುದಕ್ಕೆ ಆ್ಯಪ್‌ಗಳಲ್ಲಿ ಅರ್ಜಿ ಹಾಕುತ್ತಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಿಮ್ಮ ಗೇಜ್‌ಗಳನ್ನು ಕ್ಯಾಲಿಬ್ರೇಷನ್‌ಗೆ ಒಯ್ಯುತ್ತಿದ್ದ ಲ್ಯಾಬಿನ ಹುಡುಗ ಇದ್ದಾನಲ್ಲ, ಅವನು ದಿನಕ್ಕೆ ನಾಲ್ಕು ಕಾರ್ಖಾನೆ ಸುತ್ತುತ್ತಾನೆ. ಎಲ್ಲಿ ಇನ್‌ಸ್ಪೆಕ್ಟರ್ ಸೀಟು ಖಾಲಿ ಇದೆ ಅಂತ ಅವನಿಗೆ ನಮಗಿಂತ ಮೊದಲು ಗೊತ್ತಿರುತ್ತದೆ. ಟೂಲ್ ಮಾರುವವರಿಗೂ ಹಾಗೇ. ಅವರಿಗೆ ಫೋನ್ ಮಾಡಿ. ಪೀಣ್ಯದಲ್ಲೇ ಆಗಬೇಕು ಅಂತಿಲ್ಲ. ದಾಬಸ್‌ಪೇಟೆ, ಬೊಮ್ಮಸಂದ್ರ, ಹಾರೋಹಳ್ಳಿ, ನರಸಾಪುರ ಇವೆ. ಊರು ಬಿಡಲು ಸಿದ್ಧವಿದ್ದರೆ ಬೆಳಗಾವಿಯ ಉದ್ಯಮಬಾಗ್ ಇದೆ. ನೋಂದಣಿ ಶುಲ್ಕ ಕೇಳುವ ಕನ್ಸಲ್ಟೆನ್ಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಿಡುವಿದ್ದಾಗ ತುಮಕೂರು ರಸ್ತೆಯ ಸಿಎಂಟಿಐನಲ್ಲೋ (ಕೇಂದ್ರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ರಾಜಾಜಿನಗರದ ಜಿಟಿಟಿಸಿಯಲ್ಲೋ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಅಳತೆಗೆ ಸಂಬಂಧಿಸಿದ ಸಣ್ಣ ಕೋರ್ಸ್ ಯಾವಾಗ ಇದೆ ಅಂತ ವಿಚಾರಿಸಿ. ಆ ಕಾಗದ ಇದ್ದರೆ ‘ಸ್ಟಿಕರ್ ನೋಡದೆ ಗೇಜ್ ಮುಟ್ಟುವುದಿಲ್ಲ’ ಅನ್ನುವ ನಿಮ್ಮ ಮೂರನೇ ವಾಕ್ಯಕ್ಕೆ ಬಲ ಬರುತ್ತದೆ.

ಮೊದಲು ಕೇಳಿದವರು

ಲ್ಯಾಬಿನ ಹುಡುಗನಿಗೆ ಫೋನ್ ಮಾಡಿದೆ ಮೇಡಂ. ದಾಬಸ್‌ಪೇಟೆಯಲ್ಲಿ ಒಂದು ಕಡೆ ಇದೆಯಂತೆ, ಸೋಮವಾರ ಹತ್ತಕ್ಕೆ ಬನ್ನಿ ಅಂದಿದ್ದಾರೆ.

ಉತ್ತರ

ಒಂಬತ್ತೂಮುಕ್ಕಾಲಿಗೆ ಗೇಟಿನಲ್ಲಿರಿ. ಆಧಾರ್, ಡಿಪ್ಲೊಮಾ ಮಾರ್ಕ್ಸ್ ಕಾರ್ಡ್, ಕೊನೇ ಮೂರು ತಿಂಗಳ ಪೇಸ್ಲಿಪ್ ಇಟ್ಟುಕೊಳ್ಳಿ. ಸೇಫ್ಟಿ ಶೂ ಹಾಕಿಕೊಂಡು ಹೋಗಿ, ಶಾಪ್ ಒಳಗೆ ಕರೆದುಕೊಂಡು ಹೋಗಬಹುದು. ಜೇಬಿನಲ್ಲಿ ಒಂದು ಒಳ್ಳೆ ಹತ್ತಿ ಬಟ್ಟೆ ಇರಲಿ, ಮೈಕ್ರೋಮೀಟರ್ ಒರೆಸಲು. ಸೋಮವಾರ ಸಂಜೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.