ಸಿಂಕಿನ ಕೆಳಗಿನ ಪೈಪು ಮತ್ತೆ ಮತ್ತೆ ಕಳಚಿಕೊಳ್ಳುತ್ತಿದೆ, ಏನು ಮಾಡಬೇಕು?

ಪ್ರಶ್ನೆ (ದಾವಣಗೆರೆಯ ಬಾಡಿಗೆದಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆಮನೆಯ ಸ್ಟೀಲ್ ಸಿಂಕಿನ ಕೆಳಗೆ, ಜಾಲಿಯ ವೇಸ್ಟ್ ಕಪ್ಲಿಂಗ್‌ಗೆ (ಸಿಂಕಿನ ನೀರು ಹೊರಹೋಗುವ ತೂತಿಗೆ ಕೂರಿಸಿದ ಭಾಗ) ಜೋಡಿಸಿರುವ ಬಿಳಿಯ ಸುರುಳಿ ಪೈಪು ಆಗಾಗ ನಟ್ಟಿನ ಸಮೇತ ಕಳಚಿ ಬೀಳುತ್ತಿದೆ. ನಲ್ಲಿಯನ್ನು ಸಣ್ಣಗೆ ಬಿಟ್ಟಾಗ ಏನೂ ಆಗುವುದಿಲ್ಲ. ಸಿಂಕಿನಲ್ಲಿ ನಿಲ್ಲಿಸಿದ್ದ ನೀರನ್ನು ಒಮ್ಮೆಲೇ ಬಿಟ್ಟಾಗ ಮಾತ್ರ ಪೈಪು ಕಳಚಿ, ಕೆಳಗಿನ ಕಪಾಟೆಲ್ಲ ಮುಸುರೆ ನೀರಿನಿಂದ ತೊಯ್ದುಹೋಗುತ್ತದೆ. ಕರೆಸಿದ ಪ್ಲಂಬರ್ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿ, ನಟ್ಟು ಬಿಗಿ ಮಾಡಿ ಹೋದರೂ ಪ್ರಯೋಜನವಾಗಲಿಲ್ಲ. ಎಪಾಕ್ಸಿ ಪುಟ್ಟಿ ಮೆತ್ತಿಬಿಡಿ ಎಂದು ನೆರೆಯವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ (ಪ್ಲಂಬಿಂಗ್ ಕೆಲಸದವನು, ತುಮಕೂರು)

ದಯವಿಟ್ಟು ಪುಟ್ಟಿ ಮೆತ್ತಬೇಡಿ ಸರ್. ಮುಂದೆ ಕಸ ಕಟ್ಟಿದಾಗ ಬಿಚ್ಚಲೇಬೇಕಾದ ಜಾಗವದು. ಪುಟ್ಟಿ ಗಟ್ಟಿಯಾದ ಮೇಲೆ ಕಪ್ಲಿಂಗನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಟೆಫ್ಲಾನ್ ಟೇಪಿಗೂ ಅಲ್ಲಿ ಕೆಲಸವಿಲ್ಲ. ಈ ಜೋಡಣೆಯಲ್ಲಿ ನೀರನ್ನು ತಡೆಯುವುದು ಥ್ರೆಡ್ ಅಲ್ಲ, ಕಪ್ಲಿಂಗಿನ ತುದಿಗೂ ಪೈಪಿನ ಕಾಲರಿಗೂ (ಮೇಲ್ತುದಿಯ ಅಂಚು) ನಡುವೆ ಒತ್ತಿಕೊಂಡು ಕೂರುವ ರಬ್ಬರ್ ವಾಷರ್. ಟೇಪು ದಪ್ಪವಾದಷ್ಟೂ ಪ್ಲಾಸ್ಟಿಕ್ ನಟ್ಟು ಸೊಟ್ಟಗೆ ಹತ್ತುತ್ತದೆ, ಒಂದೆರಡು ಸುತ್ತಿಗೇ ಬಿಗಿಯಾದಂತೆ ತೋರುತ್ತದೆ, ನಿಜವಾಗಿ ಹಿಡಿದಿರುವುದಿಲ್ಲ.

ಆದರೆ ನೀವು ಹೇಳುವುದನ್ನು ನೋಡಿದರೆ ಮೂಲ ತೊಂದರೆ ನಟ್ಟಿನಲ್ಲಿರುವಂತೆ ಕಾಣುವುದಿಲ್ಲ, ಪೈಪಿನ ಉದ್ದದಲ್ಲಿ ಇರಬೇಕು. ಕಪಾಟನ್ನು ಖಾಲಿ ಮಾಡಿ, ಟಾರ್ಚ್ ಹಿಡಿದು, ಪೈಪಿನ ಕೆಳತುದಿ ಗೋಡೆಯ ಅಥವಾ ನೆಲದ ಪೈಪಿನೊಳಗೆ ಹೇಗೆ ಸೇರಿದೆ ಎಂದು ನೋಡಿ. ಸುರುಳಿ ಪೈಪನ್ನು ಎಳೆದು ಉದ್ದ ಮಾಡಿ ತೂರಿಸಿದ್ದರೆ ಅದು ಸ್ಪ್ರಿಂಗಿನಂತೆ ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಅದರ ಮೇಲೆ, ಮುಂದೆ ಎಲ್ಲೋ ಜಿಡ್ಡು ಕಟ್ಟಿ ನೀರು ನಿಧಾನವಾಗಿ ಹೋಗುತ್ತಿದ್ದರೆ ಪೈಪು ಪೂರ್ತಿ ತುಂಬಿ ನಿಲ್ಲುತ್ತದೆ: 40 ಮಿ.ಮೀ. ಒಳವ್ಯಾಸದ ಪೈಪು ಒಂದು ಮೀಟರ್ ತುಂಬಿದರೆ ಸುಮಾರು 1.25 ಲೀಟರ್ ನೀರು, ಅಂದರೆ ಅಷ್ಟೇ ಕಿಲೋ ಭಾರ. ಆ ಎಳೆತವೂ ಈ ಭಾರವೂ ಸೇರಿದಾಗ ಸೊಟ್ಟಗೆ ಕೂತ ನಟ್ಟು ಜಾರುತ್ತದೆ.

ಹೊಸ ಪೈಪು ತರುವಾಗ ಹಳೆಯ ನಟ್ಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಸಿಂಕಿಗೆ ಸಾಮಾನ್ಯವಾಗಿ ಒಂದೂವರೆ ಇಂಚು, ವಾಷ್ ಬೇಸಿನ್ನಿಗೆ ಒಂದೂಕಾಲು ಇಂಚು. ಕೇಳದೆ ತಂದರೆ ಅದಲುಬದಲಾಗುವುದು ಇಲ್ಲಿಯೇ. ಎಳೆಯದೆ ಸಲೀಸಾಗಿ ತಲುಪುವಷ್ಟು ಉದ್ದದ್ದನ್ನು ಕೊಳ್ಳಿ. ಬಕೆಟ್ ಇಟ್ಟು ಹಳೆಯದನ್ನು ಬಿಚ್ಚಿ, ಕಪ್ಲಿಂಗಿನ ತುದಿಯಲ್ಲಿರುವ ಟೇಪು, ಜಿಡ್ಡು ಎಲ್ಲವನ್ನೂ ಒರೆಸಿ, ವಾಷರ್ ಸಮನಾಗಿ ಕೂತಿದೆಯೇ ನೋಡಿಕೊಂಡು ನಟ್ಟನ್ನು ಕೈಯಿಂದಲೇ ಹತ್ತಿಸಿ. ಮೊದಲು ಹಿಂದುಮುಂದಾಗಿ ಅರ್ಧ ಸುತ್ತು ತಿರುಗಿಸಿದರೆ ಥ್ರೆಡ್ ಹಿಡಿದದ್ದು ಕೈಗೇ ತಿಳಿಯುತ್ತದೆ. ಕೊನೆಗೆ ಕಾಲು ಸುತ್ತು ಹೆಚ್ಚು ಬಿಗಿ ಸಾಕು, ಪೈಪ್ ರೆಂಚ್ ಹಾಕಿದರೆ ನಟ್ಟು ಸೀಳುತ್ತದೆ. ಪೈಪಿನ ನಡುಭಾಗವನ್ನು ಗೋಡೆಗೆ ಕ್ಲಾಂಪಿನಿಂದ ಹಿಡಿಸಿದರೆ ಭಾರ ನಟ್ಟಿನ ಮೇಲೆ ಬೀಳುವುದಿಲ್ಲ.

ಉತ್ತರ (ಕುಂದಾಪುರದಿಂದ)

ಮೇಲಿನವರು ಹೇಳಿದ್ದು ಸರಿಯೇ, ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ. ನಮ್ಮ ಕಡೆ ಕುಚ್ಚಲಕ್ಕಿ ಅನ್ನ ಬಸಿದ ತಿಳಿಯನ್ನು ಕುದಿಯುತ್ತಿರುವಾಗಲೇ ಸಿಂಕಿಗೆ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ, ಕಾಲರ್ ಅಂಡಾಕಾರಕ್ಕೆ ತಿರುಗಿದ ಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬಿಸಿ ತಿಳಿಗೆ ತಣ್ಣೀರು ಬೆರೆಸಿ ಸುರಿಯಿರಿ. ಕಾಸ್ಟಿಕ್ ಸೋಡಾ ಇರುವ ಪುಡಿಗಳನ್ನು ಹಾಕುವಾಗಲೂ ಎಚ್ಚರ ಬೇಕು, ನೀರಿಗೆ ಸೇರಿದಾಗ ಅವು ವಿಪರೀತ ಶಾಖ ಬಿಡುತ್ತವೆ; ಪುಡಿ ಹಾಕಿದ ಮೇಲೆ ಪೈಪು ಕಳಚಿದರೆ ಆ ನೀರು ಕೈಗೆ ಸೋಕದಂತೆ ನೋಡಿಕೊಳ್ಳಿ.

ಕೆಳತುದಿಯ ಸಂದಿಯಿಂದ ಜಿರಳೆ ಬರುತ್ತದೆಂದು ಸಿಮೆಂಟು ಮೆತ್ತುವವರಿದ್ದಾರೆ. ರಬ್ಬರ್ ಕಾಲರ್ ಹಾಕಿದರೆ ಸಂದಿಯೂ ಮುಚ್ಚುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ.

ಉತ್ತರ (ಧಾರವಾಡದ ಓದುಗರು)

ಸುರುಳಿ ಪೈಪನ್ನೇ ಬಿಟ್ಟು ಬಾಟಲ್ ಟ್ರ್ಯಾಪ್ (ಒಳಗೆ ಸ್ವಲ್ಪ ನೀರು ನಿಂತು ಚರಂಡಿಯ ವಾಸನೆ ತಡೆಯುವ, ಬಾಟಲಿಯಾಕಾರದ ಭಾಗ) ಹಾಕಿ ಗಟ್ಟಿ ಪೈಪು ಕೂರಿಸಬಾರದೇಕೆ? ಸುರುಳಿಯ ಮಡಿಕೆಗಳಲ್ಲಿ ಜಿಡ್ಡು ನಿಲ್ಲುತ್ತದೆ, ನೇರ ಪೈಪಿನಲ್ಲಿ ಆ ಕಾಟ ಕಡಿಮೆ.

ಉತ್ತರ (ಪ್ಲಂಬಿಂಗ್ ಕೆಲಸದವನು, ತುಮಕೂರು)

ಸ್ವಂತ ಮನೆಯಾದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೆಳಗೆ ಈಗಾಗಲೇ ನಹನಿ ಟ್ರ್ಯಾಪ್ (ನೆಲದ ಜಾಲಿಯ ಕೆಳಗೆ ಕೂರಿಸುವ ಅಂಥದೇ ಟ್ರ್ಯಾಪ್) ಇದ್ದು, ಸಿಂಕಿನ ನೀರು ಅದರ ಮೂಲಕವೇ ಹೋಗುತ್ತಿದ್ದರೆ, ಇನ್ನೊಂದು ಟ್ರ್ಯಾಪ್ ಸೇರಿಸಿದಾಗ ನಡುವೆ ಗಾಳಿ ಸಿಕ್ಕಿಕೊಂಡು ನೀರು ತಡೆದು ತಡೆದು ಹೋಗುವುದುಂಟು. ಅದನ್ನು ನೋಡದೆ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪೈಪು ನಿಜಕ್ಕೂ ಗಿಡ್ಡವಾಗಿತ್ತು, ವಾಷರ್ ಒಂದು ಕಡೆ ಮಡಚಿಕೊಂಡಿತ್ತು. ಎರಡನ್ನೂ ಬದಲಿಸಿದ್ದೇನೆ. ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ (ಪ್ಲಂಬಿಂಗ್ ಕೆಲಸದವನು, ತುಮಕೂರು)

ನಟ್ಟಿನ ಕೆಳಗೆ ಒಣ ಪತ್ರಿಕೆ ಹಾಸಿ, ಸಿಂಕನ್ನು ಪೂರ್ತಿ ತುಂಬಿಸಿ, ನೀರನ್ನು ಒಮ್ಮೆಲೇ ಬಿಡಿ. ಕಾಗದದ ಮೇಲೆ ಒಂದು ಹನಿ ಬಿದ್ದರೂ ಕಾಣುತ್ತದೆ. ಬಿದ್ದರೆ ಇನ್ನಷ್ಟು ಬಿಗಿ ಮಾಡಲು ಹೋಗಬೇಡಿ, ಬಿಚ್ಚಿ ವಾಷರನ್ನು ಮತ್ತೊಮ್ಮೆ ಕೂರಿಸಿ.